47 ವಯಸ್ಸಾಗಿದೆ, ಈಗ ಎಂಬಿಎ ಮಾಡಿದರೆ ಗಿಟ್ಟುತ್ತದೆಯೇ?

ನಿಮ್ಮ ಪತ್ರದಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳಿವೆ; ಪ್ರವೇಶ ಪರೀಕ್ಷೆಯ ಹೆದರಿಕೆ, ಡಿಬಿಎ ಎಂಬ ಇನ್ನೊಂದು ಪದವಿಯ ವಿಚಾರ ಆಮೇಲೆ ನೋಡೋಣ. ತಾಂತ್ರಿಕ ವಿಭಾಗದಲ್ಲಿ ಎರಡು ದಶಕ ದುಡಿದು ಈಗ ಒಂದು ಘಟಕದ ಹೊಣೆ ಹೊತ್ತಿದ್ದೀರಿ. ಮುಂದಿನ ಮೆಟ್ಟಿಲು ಹತ್ತಲು ಎಂಬಿಎ ಬೇಕೇ ಎನ್ನುವುದು ಒಂದು. ಬೇಕೆಂದರೆ ಕೆಲಸ ಬಿಟ್ಟು ಓದುವುದೋ, ಕೆಲಸದಲ್ಲಿದ್ದುಕೊಂಡೇ ಓದುವುದೋ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಚಿಕ್ಕದು: ಕೆಲಸ ಬಿಡಬೇಡಿ. ಮೊದಲನೆಯದಕ್ಕೆ ಲೆಕ್ಕ ಹಾಕಿ ನೋಡಬೇಕು, ಹಾಕೋಣ.

ನಿಮ್ಮ ವರ್ಷದ ಸಂಬಳ 100 ಎಂದು ಇಟ್ಟುಕೊಳ್ಳಿ. ಫೀಸು, ಓಡಾಟ, ತಂಗುವ ಖರ್ಚು ಎಲ್ಲ ಸೇರಿ ಕೋರ್ಸಿಗೆ 150 ಆಯಿತು ಎನ್ನೋಣ. ಪದವಿಯ ದೆಸೆಯಿಂದ ಸಂಬಳ 20 ಏರಿತು, ತೆರಿಗೆಗೆ ಶೇಕಡಾ 30 ಹೋಯಿತು, ಕೈಗೆ ಬಂದದ್ದು 14. ಕೋರ್ಸು ಮುಗಿಯುವಾಗ 49, ನಿವೃತ್ತಿ 60ಕ್ಕೆ. ಹನ್ನೊಂದು ವರ್ಷ ಹದಿನಾಲ್ಕರಂತೆ 154, ಅಲ್ಲಿಗಲ್ಲಿಗೆ ಸರಿಹೋಯಿತಲ್ಲ ಅನ್ನಿಸುತ್ತದೆ. ಸರಿಹೋಗಿಲ್ಲ. ಖರ್ಚು ಮೊದಲೇ ಆಗುತ್ತದೆ, ಗಳಿಕೆ ವರ್ಷ ವರ್ಷ ತುಸು ತುಸುವಾಗಿ ಬರುತ್ತದೆ. ಆ ದುಡ್ಡು ಬೇರೆಡೆ ಹೂಡಿದ್ದರೆ ವರ್ಷಕ್ಕೆ ಶೇಕಡಾ 8ರಂತೆ ಬೆಳೆಯುತ್ತಿತ್ತು ಎಂದುಕೊಂಡು, ಆ ದರದಲ್ಲಿ ಕೋರ್ಸು ಮುಗಿಯುವ ಹೊತ್ತಿನ ಬೆಲೆಗೆ ಇಳಿಸಿದರೆ ಆ 154 ಸುಮಾರು 100ಕ್ಕೆ ಬಂದು ನಿಲ್ಲುತ್ತದೆ. ಇದೇ ಕೋರ್ಸನ್ನು 32ಕ್ಕೆ ಮುಗಿಸಿದವರಿಗೆ ಅದೇ 14 ಇಪ್ಪತ್ತೆಂಟು ವರ್ಷ ಸಿಗುತ್ತದೆ, ಅದೇ ರೀತಿ ಇಳಿಸಿದರೆ ಸುಮಾರು 155. ಅವರಿಗೆ ಗಿಟ್ಟಿತು, ನಿಮಗೆ 50 ಕೈಬಿಟ್ಟಿತು.

ನಿಮಗೂ ಗಿಟ್ಟಬೇಕೆಂದರೆ ಏರಿಕೆ ಶೇಕಡಾ 30ರ ಆಸುಪಾಸಿನಲ್ಲಿರಬೇಕು. ಅದೂ ಪದವಿಯಿಂದಲೇ ಬಂದ ಏರಿಕೆ; ಓದದಿದ್ದರೂ ಸಿಗಲಿದ್ದ ಬಡ್ತಿಯನ್ನು ಇದರ ಖಾತೆಗೆ ಹಾಕಿದರೆ ಮೋಸ ಹೋಗುವವರು ನೀವೇ. ಒಂದು ವರ್ಷ ಕೆಲಸ ಬಿಟ್ಟರೆ ಕೈಗೆ ಬರುತ್ತಿದ್ದ 70 ಕೂಡ ಖರ್ಚಿಗೆ ಸೇರಿ 220 ಆಗುತ್ತದೆ, ಬೇಕಾದ ಏರಿಕೆ ಶೇಕಡಾ 40 ದಾಟುತ್ತದೆ. ಅದೇ ಕಂಪನಿ ಅರ್ಧ ಖರ್ಚು ಕೊಟ್ಟು ನಿಮ್ಮ ಪಾಲು 75ಕ್ಕೆ ಇಳಿದರೆ, ಸಾಧಾರಣ ಏರಿಕೆಯಲ್ಲೂ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಎನ್‌ಪಿವಿ (ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ) ಸೂತ್ರ ಬಳಸುವುದಾದರೆ ಒಂದು ಎಚ್ಚರ: ಅದು ಪಟ್ಟಿಯ ಮೊದಲ ಮೊತ್ತವನ್ನು ಒಂದು ವರ್ಷದ ಕೊನೆಗೆ ಬಂದದ್ದು ಎಂದು ತಿಳಿಯುತ್ತದೆ. ಇವತ್ತೇ ಕಟ್ಟುವ ಫೀಸನ್ನು ಸೂತ್ರದ ಹೊರಗೆ ಕಳೆಯಬೇಕು, ಒಳಗೆ ಸೇರಿಸಬಾರದು.

ದುಡ್ಡಿನ ಲೆಕ್ಕ ಗಿಟ್ಟದಿದ್ದರೂ ಓದಬಹುದು, ಕಾರಣ ಗಟ್ಟಿಯಾಗಿದ್ದರೆ. ನಿಮ್ಮ ಮೇಲಿನ ಎರಡು ಹಂತದ ಹುದ್ದೆಗಳಲ್ಲಿ ಈಗ ಕೂತಿರುವವರನ್ನು ನೋಡಿ. ಅವರಲ್ಲಿ ಬಹಳಷ್ಟು ಜನರಿಗೆ ಈ ಪದವಿ ಇದೆಯೇ? ಇಲ್ಲದಿದ್ದರೆ ನಿಮ್ಮನ್ನು ತಡೆದಿರುವುದು ಪದವಿಯಲ್ಲ. ನಿಮ್ಮ ಮೇಲಧಿಕಾರಿಯನ್ನು ನೇರವಾಗಿ ಕೇಳಿ: ‘ಆ ಹುದ್ದೆಗೆ ನನ್ನಲ್ಲಿ ಏನು ಕಡಿಮೆ?’ ತಾಂತ್ರಿಕ ಹಿನ್ನೆಲೆಯವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಲಾಭ-ನಷ್ಟದ ಹೊಣೆ ಹೊತ್ತ ಅನುಭವ ಇಲ್ಲ, ಅಥವಾ ಹಣಕಾಸಿನ ಮಾತು ಬಂದಾಗ ನಿಮ್ಮ ದನಿ ಏಳುವುದಿಲ್ಲ. ಮೊದಲನೆಯದಕ್ಕೆ ಕೋರ್ಸು ಮದ್ದಲ್ಲ. ಒಂದು ಸಣ್ಣ ವಿಭಾಗದ ಪೂರ್ತಿ ಬಜೆಟ್ ಕೇಳಿ ಪಡೆಯುವುದೇ ಮದ್ದು. ಎರಡನೆಯದಕ್ಕೆ ಹಣಕಾಸು ಮತ್ತು ಲೆಕ್ಕಪತ್ರದ ಒಂದೆರಡು ಸರ್ಟಿಫಿಕೇಟ್ ಕೋರ್ಸುಗಳು ಸಾಕಾಗಬಹುದು. ಅವುಗಳ ಕ್ರೆಡಿಟ್‌ಗಳನ್ನು ಮುಂದೆ ಪದವಿಗೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವನ್ನೇ ಆರಿಸಿದರೆ ಬಾಗಿಲು ತೆರೆದೇ ಇರುತ್ತದೆ.

ಸ್ವಂತ ಉದ್ಯಮ ಶುರುಮಾಡಲು ಎಂಬಿಎ ಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ದುಡ್ಡು ಉದ್ಯಮಕ್ಕೇ ಇರಲಿ. ಕ್ಷೇತ್ರ ಬದಲಿಸಲು ಓದುವವರೂ ಒಂದು ವಿಷಯ ತಿಳಿದಿರಬೇಕು. ಕ್ಯಾಂಪಸ್ ನೇಮಕಾತಿ ಹೆಚ್ಚಾಗಿ ಇಪ್ಪತ್ತರ ದಶಕದ ಕೊನೆಯಲ್ಲಿರುವ ಪೂರ್ಣಾವಧಿ ವಿದ್ಯಾರ್ಥಿಗಳನ್ನು ಕಣ್ಣಲ್ಲಿಟ್ಟುಕೊಂಡು ನಡೆಯುತ್ತದೆ. ಕೆಲಸದಲ್ಲಿದ್ದುಕೊಂಡೇ ಓದುವ ಎಕ್ಸಿಕ್ಯುಟಿವ್ ಎಂಬಿಎ ತಂಡದಲ್ಲಿ ಕಂಪನಿಗಳೇ ಕಳಿಸಿದ ನೌಕರರು ಇರುವುದರಿಂದ, ಅವರನ್ನು ಬೇರೆಡೆಗೆ ಸೆಳೆಯಲು ಬಿಸಿನೆಸ್ ಶಾಲೆಗಳು ಹಿಂಜರಿಯುತ್ತವೆ. ವೃತ್ತಿ ಸಲಹೆ ಕೊಡುತ್ತಾರೆ. ಕೆಲಸ ಹುಡುಕಿಕೊಳ್ಳುವುದು ನಿಮ್ಮ ಪಾಡು.

ಈಗ ಬಗೆಗಳು. ಕೆಲಸ ಮಾಡುವ ಹಿರಿಯರಿಗೆಂದೇ ಎಕ್ಸಿಕ್ಯುಟಿವ್ ಎಂಬಿಎಯನ್ನು ಮೊದಲು ತೆರೆದದ್ದು ಷಿಕಾಗೋ ವಿಶ್ವವಿದ್ಯಾಲಯ, 1943ರಲ್ಲಿ. ಇವತ್ತು ಸಾಮಾನ್ಯವಾಗಿ ಇದು 18ರಿಂದ 24 ತಿಂಗಳು. ತರಗತಿ ವಾರ ಬಿಟ್ಟು ವಾರಾಂತ್ಯದಲ್ಲಿರುತ್ತದೆ, ಇಲ್ಲವೇ ಒಂದೆರಡು ತಿಂಗಳಿಗೊಮ್ಮೆ ಒಂದು ವಾರ ಒಟ್ಟಿಗೆ. ಪ್ರಯಾಣದ ಕೆಲಸ ಇರುವವರಿಗೆ ಎರಡನೆಯದೇ ವಾಸಿ, ಒಂದು ವಾರದ ರಜೆಯನ್ನು ವರ್ಷದ ಮೊದಲೇ ಗುರುತುಹಾಕಿ ಕಾಪಾಡಿಕೊಳ್ಳಬಹುದು. ಪ್ರತಿ ಎರಡನೇ ಶುಕ್ರವಾರವನ್ನು ಕಾಪಾಡಿಕೊಳ್ಳುವುದು ಕಷ್ಟ. ನಿಜವಾಗಿಯೂ ಒಂದು ವರ್ಷ ಬಿಡುವು ಸಿಗುವವರಿಗೆ ಸ್ಟ್ಯಾನ್‌ಫರ್ಡ್‌ನ ಎಂಎಸ್‌ಎಕ್ಸ್, ಎಂಐಟಿಯ ಸ್ಲೋನ್ ಫೆಲೋಸ್ ಥರದ, ಅನುಭವಿಗಳಿಗೇ ಮೀಸಲಾದ ಪೂರ್ಣಾವಧಿ ಪದವಿಗಳಿವೆ. ಇಪ್ಪತ್ತೇಳರ ಹುಡುಗರ ಜೊತೆ ಕೂರುವುದಕ್ಕಿಂತ ಅದು ಮೇಲು. ಇನ್ನು ಹಾರ್ವರ್ಡ್‌ನ ಅಡ್ವಾನ್ಸ್‌ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಥರದವು ಕೆಲವೇ ವಾರಗಳದ್ದು, ದುಬಾರಿ, ಹೆಸರು ದೊಡ್ಡದು. ಆದರೆ ಅವು ಪದವಿ ಕೊಡುವುದಿಲ್ಲ. ರೆಸ್ಯೂಮೆಯಲ್ಲಿ ಪದವಿಯೇ ಬೇಕಿದ್ದರೆ ಈ ವ್ಯತ್ಯಾಸ ಮುಖ್ಯ. ಕಲಿಕೆ ಮತ್ತು ಒಡನಾಟ ಸಾಕು ಎನ್ನುವವರಿಗೆ ಇದೇ ಜಾಣತನದ ದಾರಿ. ಡಿಬಿಎ (ಆಡಳಿತ ನಿರ್ವಹಣೆಯ ಡಾಕ್ಟರೇಟ್) ಬಗ್ಗೆಯೂ ಕೇಳಿದ್ದೀರಿ. ಅದು ಸಂಶೋಧನಾ ಪದವಿ, ಸಾಮಾನ್ಯವಾಗಿ ಮೂರು ವರ್ಷಕ್ಕೆ ಕಡಿಮೆ ಇಲ್ಲ, ಮಹಾಪ್ರಬಂಧ ಬರೆಯಬೇಕು. ಬಡ್ತಿಗಾಗಿ ಅದಕ್ಕೆ ಕೈಹಾಕಬೇಡಿ.

ಮಾನ್ಯತೆಯಲ್ಲಿ ಎಡವುವವರು ಬಹಳ. ಬಿಸಿನೆಸ್ ಶಾಲೆಗಳ ಮಾನ್ಯತೆಗೆ ಅಂತರರಾಷ್ಟ್ರೀಯವಾಗಿ ಮೂರು ಹೆಸರು ನಡೆಯುತ್ತವೆ: 1916ರಲ್ಲಿ ಶುರುವಾದ ಎಎಸಿಎಸ್‌ಬಿ, 1967ರ ಎಎಂಬಿಎ, ಇಎಫ್‌ಎಂಡಿ ಎಂಬ ಸಂಸ್ಥೆ ಕೊಡುವ ಇಕ್ವಿಸ್. ಶಾಲೆಯ ಕೈಪಿಡಿಯಲ್ಲಿ ಲಾಂಛನ ಇದ್ದ ಮಾತ್ರಕ್ಕೆ ನಂಬದೆ, ಮಾನ್ಯತೆ ಕೊಟ್ಟ ಸಂಸ್ಥೆಯದೇ ಪಟ್ಟಿಯಲ್ಲಿ ಹೆಸರು ಹುಡುಕಿ. ‘ಸದಸ್ಯ’ ಅಂದರೆ ‘ಮಾನ್ಯತೆ ಪಡೆದ’ ಅಂತಲ್ಲ. ಸದಸ್ಯತ್ವವನ್ನೇ ಮಾನ್ಯತೆಯಂತೆ ತೋರಿಸುವವರಿದ್ದಾರೆ. ನಿಮ್ಮ ದೇಶದ ಸರ್ಕಾರದ ಮನ್ನಣೆ ಬೇರೆಯೇ ವಿಷಯ. ಮುಂದೆ ಪಾಠ ಹೇಳುವ ಅಥವಾ ಸರ್ಕಾರಿ ವಲಯದ ಹುದ್ದೆಗೆ ಹೋಗುವ ಯೋಚನೆ ಇದ್ದರೆ ಅದನ್ನೇ ಮೊದಲು ಖಚಿತಪಡಿಸಿಕೊಳ್ಳಿ. ‘ನಿಮ್ಮ ಅನುಭವವೇ ಸಾಕು, ಓದಬೇಕಿಲ್ಲ, ಫೀಸು ಕಟ್ಟಿ’ ಎನ್ನುವ ಕಡೆ ಕಾಲಿಡಬೇಡಿ.

ಪ್ರವೇಶ ಪರೀಕ್ಷೆಗೆ ಹೆದರಿದ್ದೀರಿ, ಅಷ್ಟು ಹೆದರುವಂಥದ್ದಲ್ಲ. ಈಗಿನ ಜಿಮ್ಯಾಟ್ 64 ಪ್ರಶ್ನೆ, ಮೂರು ಭಾಗ, ತಲಾ 45 ನಿಮಿಷ. ಹಿರಿಯರಿಗೆಂದೇ ಇರುವ ಎಕ್ಸಿಕ್ಯುಟಿವ್ ಅಸೆಸ್‌ಮೆಂಟ್ ಇನ್ನೂ ಚಿಕ್ಕದು: 40 ಪ್ರಶ್ನೆ, 90 ನಿಮಿಷ. ಎರಡರ ಅಂಕಗಳೂ ಐದು ವರ್ಷ ಊರ್ಜಿತ. ಕೆಲವು ಶಾಲೆಗಳು ಅನುಭವ ನೋಡಿ ವಿನಾಯಿತಿ ಕೊಡುತ್ತವೆ. ಆದರೆ ನಿಮ್ಮ ಹಳೆಯ ಅಂಕಪಟ್ಟಿಯಲ್ಲಿ ಗಣಿತ ದುರ್ಬಲವಾಗಿದ್ದರೆ ವಿನಾಯಿತಿ ಬಿಟ್ಟು ಪರೀಕ್ಷೆ ಬರೆಯುವುದೇ ಒಳ್ಳೆಯದು, ಆ ಅನುಮಾನವನ್ನು ಅಳಿಸಲು ಅದೇ ನೇರ ದಾರಿ.

ಕಾಗದಪತ್ರಗಳನ್ನು ಆರು ತಿಂಗಳು ಮೊದಲೇ ಕೈಗೆತ್ತಿಕೊಳ್ಳಿ. ಇಪ್ಪತ್ತೈದು ವರ್ಷ ಹಳೆಯ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ತರಿಸುವುದೇ ಎಲ್ಲಕ್ಕಿಂತ ತಡವಾಗುವ ಕೆಲಸ. ಕಾಲೇಜು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿಹೋಗಿರುತ್ತದೆ, ದಾಖಲೆ ಕಂಪ್ಯೂಟರಿಗೆ ಏರಿರುವುದಿಲ್ಲ, ಅಂಕಪಟ್ಟಿಯ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ಹೊಂದುವುದಿಲ್ಲ. ಶಿಫಾರಸು ಪತ್ರ ಸಾಮಾನ್ಯವಾಗಿ ಎರಡು ಕೇಳುತ್ತಾರೆ. ಅತಿ ದೊಡ್ಡ ಹುದ್ದೆಯವರಿಂದ ಬರೆಸುವ ಆಸೆ ಬಿಡಿ. ನೀವು ತೆಗೆದುಕೊಂಡ ಒಂದು ಕಠಿಣ ತೀರ್ಮಾನವನ್ನು ಹತ್ತಿರದಿಂದ ನೋಡಿದವರ ಪತ್ರಕ್ಕೆ ತೂಕ ಹೆಚ್ಚು. ಅರ್ಜಿಯ ಜೊತೆ ಬರೆಯುವ ಪ್ರಬಂಧದಲ್ಲಿ ಪ್ರವೇಶ ವಿಭಾಗದವರು ಹುಡುಕುವುದು ‘ಈಗಲೇ ಏಕೆ’ ಎನ್ನುವುದಕ್ಕೆ ಉತ್ತರ. ಸಾಧನೆಗಳ ಪಟ್ಟಿ ರೆಸ್ಯೂಮೆಯಲ್ಲಿದೆ. ಇಲ್ಲಿ ಮುಂದಿನ ಎರಡು ವರ್ಷದಲ್ಲಿ ನಿಮ್ಮ ಮುಂದೆ ಬರಲಿರುವ ನಿರ್ದಿಷ್ಟ ತೀರ್ಮಾನಗಳನ್ನೂ, ಅದಕ್ಕೆ ನಿಮಗೆ ಗೊತ್ತಿಲ್ಲದ್ದು ಏನೆಂಬುದನ್ನೂ ಬರೆಯಿರಿ.

ಕಂಪನಿಯ ಬೆಂಬಲ ಕೇಳುವಾಗ ದುಡ್ಡು ಮತ್ತು ಸಮಯವನ್ನು ಬೇರೆ ಬೇರೆಯಾಗಿ ಕೇಳಿ. ದುಡ್ಡಿಲ್ಲ ಎಂದವರೂ ಸಮಯ ಕೊಡುತ್ತಾರೆ, ಮತ್ತು ಎಷ್ಟೋ ಶಾಲೆಗಳು ಕೇಳುವುದೂ ಸಮಯ ಬಿಟ್ಟುಕೊಡುವ ಪತ್ರವನ್ನೇ. ಮುಂದಿನ ವರ್ಷದ ಬಜೆಟ್ ಕಟ್ಟುವ ಮುಂಚೆ, ಒಂದೇ ಪುಟದಲ್ಲಿ ಬರೆದುಕೊಡಿ: ತರಗತಿಯ ದಿನಾಂಕಗಳು, ಆ ದಿನ ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಕೋರ್ಸಿನ ಯೋಜನಾ ಕೆಲಸವಾಗಿ ಕಂಪನಿಯ ಯಾವ ಸಮಸ್ಯೆ ಎತ್ತಿಕೊಳ್ಳುತ್ತೀರಿ, ಎಷ್ಟು ಹಣ. ಬಾಯಿಮಾತಿನ ಒಪ್ಪಿಗೆ ಸಾಲದು. ಎರಡು ವರ್ಷದಲ್ಲಿ ಮೇಲಧಿಕಾರಿ ಬದಲಾಗುತ್ತಾರೆ, ಹೊಸಬರಿಗೆ ಹಳೆಯ ಮಾತು ತಿಳಿದಿರುವುದಿಲ್ಲ. ಹಣ ಕೊಟ್ಟರೆ ಬಾಂಡ್ ಬರುತ್ತದೆ, ಕೋರ್ಸು ಮುಗಿದ ಮೇಲೆ ಇಷ್ಟು ಕಾಲ ಬಿಡುವಂತಿಲ್ಲ ಎಂದು. ಅದರಲ್ಲಿ ಮೂರು ಸಾಲು ಹುಡುಕಿ. ಸೇವೆ ಮಾಡಿದ ತಿಂಗಳಿಗೆ ತಕ್ಕಂತೆ ವಾಪಸು ಕೊಡಬೇಕಾದ ಮೊತ್ತ ಇಳಿಯುತ್ತದೆಯೇ? ಕಂಪನಿಯೇ ನಿಮ್ಮನ್ನು ತೆಗೆದರೆ ಬಾಂಡ್ ಬಿದ್ದುಹೋಗುತ್ತದೆಯೇ? ಕೊಟ್ಟ ಫೀಸನ್ನು ನಿಮ್ಮ ಆದಾಯ ಎಂದು ತೋರಿಸಿ ತೆರಿಗೆ ಕಡಿಯುತ್ತಾರೆಯೇ?

ತರಗತಿಯ ಹೊರಗೆ ವಾರಕ್ಕೆ 15ರಿಂದ 20 ಗಂಟೆ ಓದು ಬೇಕಾಗುತ್ತದೆ. ಮೊದಲ ಅವಧಿಯಲ್ಲೇ ಕಾಲು ಜಾರುವುದು ಸಾಮಾನ್ಯ, ಏಕೆಂದರೆ ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಮೂರೂ ಒಟ್ಟಿಗೆ ಬರುತ್ತವೆ. ಹಾಗಾಗಿ ಶುರುವಾಗುವ ಎರಡು ಮೂರು ತಿಂಗಳು ಮೊದಲೇ ನಿಮ್ಮದೇ ಉದ್ಯಮದ ಒಂದು ಕಂಪನಿಯ ಮೂರು ವರ್ಷದ ವಾರ್ಷಿಕ ವರದಿ ಇಟ್ಟುಕೊಂಡು ಕೂರಿ. ಲಾಭ ಏರಿದ ವರ್ಷವೇ ಕೈಯಲ್ಲಿನ ನಗದು ಏಕೆ ಇಳಿಯಿತು ಎಂದು ಹುಡುಕಿ. ಸಾಲದ ಮೇಲೆ ಮಾರಿ ಬಾಕಿ ಬೆಳೆದಿರುತ್ತದೆ, ದಾಸ್ತಾನು ಉಬ್ಬಿರುತ್ತದೆ, ಅಥವಾ ಯಂತ್ರ ಕೊಂಡಿರುತ್ತಾರೆ. ಇದನ್ನು ಬ್ಯಾಲೆನ್ಸ್ ಶೀಟಿನಿಂದ ನಗದು ಹರಿವಿನ ಪಟ್ಟಿಯವರೆಗೆ ಬೆರಳಿಟ್ಟು ತೋರಿಸಲು ಬಂದರೆ ಆ ವಿಷಯದ ಭಯ ಅರ್ಧ ಹೋಯಿತು. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ವಿಚಲನೆ, ರಿಗ್ರೆಷನ್ ಇಷ್ಟು ನೆನಪಾದರೆ ಸಾಕು.

ಹಿರಿಯರು ಮಾಡುವ ಇನ್ನೊಂದು ಎಡವಟ್ಟು ಗುಂಪಿನ ಕೆಲಸದಲ್ಲಿ. ಕಚೇರಿಯಲ್ಲಿ ಹಂಚಿ ರೂಢಿಯಾದವರು ಇಲ್ಲೂ ಹಂಚುತ್ತಾರೆ, ತಮಗೆ ಬರುವ ಭಾಗವನ್ನೇ ಇಟ್ಟುಕೊಳ್ಳುತ್ತಾರೆ. ಕಾರ್ಖಾನೆಯಿಂದ ಬಂದವರು ಉತ್ಪಾದನೆಯ ಭಾಗ ಬರೆದು, ಕಂಪನಿಗೆ ಬೆಲೆ ಕಟ್ಟುವ ಭಾಗವನ್ನು ಬ್ಯಾಂಕಿನಿಂದ ಬಂದವರಿಗೆ ಬಿಡುತ್ತಾರೆ. ಅಂಕ ಬರುತ್ತದೆ, ಕಲಿಯಬೇಕಿದ್ದದ್ದು ಬರುವುದಿಲ್ಲ. ಬಾರದ ಭಾಗವನ್ನೇ ಕೇಳಿ ತೆಗೆದುಕೊಳ್ಳಿ. ಆ ಬ್ಯಾಂಕಿನವರು ತಪ್ಪು ತಿದ್ದಲು ಪಕ್ಕದಲ್ಲೇ ಇರುತ್ತಾರೆ, ಅಷ್ಟು ಫೀಸು ಕಟ್ಟಿರುವುದು ಬಹುಪಾಲು ಅದಕ್ಕೇ.

ಫೀಸಿನ ಮೊದಲ ಕಂತು ಕಟ್ಟುವ ಮುನ್ನ ಪ್ರವೇಶ ವಿಭಾಗಕ್ಕೆ ಇಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಕಳೆದ ತಂಡದಲ್ಲಿ 45 ದಾಟಿದವರು ಎಷ್ಟು ಮಂದಿ, ನಡುವೆ ಬಿಟ್ಟವರು ಎಷ್ಟು. ಹಾಜರಾತಿ ಎಷ್ಟು ಬೇಕು, ತಪ್ಪಿದ ತರಗತಿಯನ್ನು ಮುಂದಿನ ತಂಡದ ಜೊತೆ ಕೂತು ತುಂಬಿಸಬಹುದೇ. ನಡುವೆ ಬೇರೆ ಊರಿಗೆ ವರ್ಗವಾದರೆ ಅಥವಾ ಕೆಲಸ ಬದಲಾದರೆ ಎಷ್ಟು ಕಾಲ ತಡೆಹಿಡಿಯಬಹುದು, ಆಗ ಹಳೆಯ ಫೀಸೇ ನಡೆಯುತ್ತದೆಯೋ ಹೊಸ ದರ ಕಟ್ಟಬೇಕೋ. ಮೊದಲ ಅವಧಿಯೊಳಗೆ ಹೊರಬಂದರೆ ಎಷ್ಟು ವಾಪಸು, ಆವರೆಗೆ ಗಳಿಸಿದ ಕ್ರೆಡಿಟ್‌ಗಳಿಗೆ ಡಿಪ್ಲೊಮಾ ಏನಾದರೂ ಕೊಡುತ್ತಾರೆಯೇ.