ಕೆಲಸ ಬಿಡಿಸಬೇಡಿ, ಮೇಜು ಬಿಟ್ಟುಕೊಡಿ

ಇಂಗ್ಲೆಂಡಿನ ರೆಡಿಂಗ್‌ನಿಂದ ಶಿವಮೊಗ್ಗದ ಹೆಣ್ಣುಮಗಳೊಬ್ಬರು ಬರೆದ ಪತ್ರ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಗಂಡ ಅಲ್ಲಿಯವರೇ, ಸ್ಥಳೀಯ ಪತ್ರಿಕೆಯ ವರದಿಗಾರ. ಹಗಲೆಲ್ಲ ಕೌನ್ಸಿಲ್ ಸಭೆ, ಕೋರ್ಟು, ಅಪಘಾತ. ಬರೆಯುವ ಆಸೆಯೆಲ್ಲ ಬೇರೆ ಲೋಕಗಳ ಕಥೆಯ ಮೇಲೆ. ಈಗ ರಾಜೀನಾಮೆ ಕೊಟ್ಟು ಕಾದಂಬರಿಗೇ ಕೂರುತ್ತೇನೆ ಅನ್ನುತ್ತಿದ್ದಾರೆ. ಈಕೆ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಾಲ್ಕು ವರ್ಷದ ಮಗಳಿದ್ದಾಳೆ, ಮನೆ ಸಾಲವಿದೆ. ಬೆಂಗಳೂರಿನ ಅಣ್ಣ ಭಾನುವಾರ ತಪ್ಪದೆ ಫೋನ್ ಮಾಡಿ, ‘ದೆವ್ವ ಭೂತದ ಕಥೆಯಿಂದ ಸಂಸಾರ ನಡೆಯುತ್ತಾ?’ ಎಂದು ಕೇಳುತ್ತಾರಂತೆ. ‘ಒಪ್ಪಲೇ, ಬೇಡವೆನ್ನಲೇ?’ ಇದು ಪ್ರಶ್ನೆ.

ತಂಗೀ, ಸಾಲದ ಲೆಕ್ಕವನ್ನು ಒಂದು ಪುಟ ಬರೆದಿದ್ದೀರಿ. ‘ಮನೆ ಬದಲಾಯಿಸಿದಾಗ ಚಿಕ್ಕ ರೂಮಿನಲ್ಲಿ ಊರಿಂದ ತಂದ ಸೂಟ್‌ಕೇಸು, ಬಟ್ಟೆ ಇಟ್ಟೆವು, ಅವರ ಮೇಜು ಗ್ಯಾರೇಜಿಗೆ ಹೋಯಿತು’ ಎನ್ನುವುದಕ್ಕೆ ಒಂದೇ ಸಾಲು. ಅಲ್ಲಿಂದೀಚೆಗೆ ಅವರು ಏನೂ ಬರೆದಿಲ್ಲ ಎಂಬ ಮಾತು ಪತ್ರದ ಕೊನೆಯಲ್ಲೆಲ್ಲೋ ಇದೆ. ಇವೆರಡನ್ನೂ ನೀವು ಸೇರಿಸಿ ನೋಡಲೇ ಇಲ್ಲ. ಬಾಗಿಲು ಹಾಕಿಕೊಂಡು ಕೂರಲು ಮನೆಯಲ್ಲಿ ಒಂದು ಗಂಟೆಯೂ ಸಿಗದವರು ಕೊನೆಗೆ ಇಡೀ ಕೆಲಸವನ್ನೇ ಬಿಡುವ ಮಾತಾಡುತ್ತಾರೆ. ನನಗೆ ಮರುಕ ಬಂದದ್ದು ಅವರ ಮೇಲೆ.

ಹಾಗೆಂದು ರಾಜೀನಾಮೆಗೆ ನಾನು ಒಪ್ಪುವವಳಲ್ಲ. ಹಿಂದೆಯೂ ಇಲ್ಲಿ ಬರೆದಿದ್ದೇನೆ: ಪುಸ್ತಕ ಅನ್ನ ಹಾಕುವವರೆಗೆ ಸಂಬಳ ಬಿಡಬಾರದು. ನಿಮ್ಮ ಯಜಮಾನರಿಗೆ ಇಂಗ್ಲೆಂಡಿನ ಫ್ಯಾಂಟಸಿ ಕಾದಂಬರಿಕಾರ ಟೆರ್ರಿ ಪ್ರಾಚೆಟ್ ಗೊತ್ತೇ ಇರುತ್ತಾರೆ. ನಿಮಗೋಸ್ಕರ ಹೇಳುತ್ತೇನೆ. 1965ರಲ್ಲಿ, ಹದಿನೇಳರ ಹುಡುಗ, ಶಾಲೆ ಬಿಟ್ಟು ನಿಮ್ಮ ಪಕ್ಕದ ಬಕಿಂಗ್‌ಹ್ಯಾಮ್‌ಶೈರ್‌ನ ‘ಬಕ್ಸ್ ಫ್ರೀ ಪ್ರೆಸ್’ ಸೇರಿದರು. ವರದಿಗಾರಿಕೆಯ ಜೊತೆಗೆ ಅದೇ ಪತ್ರಿಕೆಯ ಮಕ್ಕಳ ಅಂಕಣಕ್ಕೆ ಬೇರೆ ಹೆಸರಿನಲ್ಲಿ ಕಥೆ ಬರೆದರು. ಒಬ್ಬ ಪ್ರಕಾಶಕರ ಸಂದರ್ಶನಕ್ಕೆ ಹೋದವರು, ನಾನೂ ಒಂದು ಪುಸ್ತಕ ಬರೆದಿದ್ದೇನೆ ಎಂದು ಬಾಯಿಬಿಟ್ಟರು. 1971ರಲ್ಲಿ ಅವರ ಮೊದಲ ಕಾದಂಬರಿ ತಂದದ್ದು ಅದೇ ಪ್ರಕಾಶನ. ಕೆಲಸವೇ ಆ ಬಾಗಿಲು ತೆರೆಸಿತು! ಮುಂದೆ 1980ರಲ್ಲಿ ವಿದ್ಯುತ್ ಮಂಡಳಿಯ ಪತ್ರಿಕಾಧಿಕಾರಿಯಾದರು, ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಕರ್ತರಿಗೆ ಉತ್ತರ ಕೊಡುವ ಕೆಲಸ. ಅವರಿಗೆ ಹೆಸರು ತಂದ ‘ಡಿಸ್ಕ್‌ವರ್ಲ್ಡ್’ ಕಾದಂಬರಿ ಸರಣಿ 1983ರಲ್ಲಿ ಶುರುವಾದರೂ ನೌಕರಿ ಬಿಟ್ಟದ್ದು 1987ರಲ್ಲಿ. ಮೊದಲ ಪುಸ್ತಕ ಬಂದು ಹದಿನಾರು ವರ್ಷದ ಮೇಲೆ. ಅಲ್ಲಿಯವರೆಗೆ ರಾತ್ರಿಗೆ 400 ಪದ ಬರೆಯುತ್ತಿದ್ದರು. ಆ ರಾತ್ರಿಯ 300ನೇ ಪದಕ್ಕೇ ಒಂದು ಕಾದಂಬರಿ ಮುಗಿದುಹೋದರೆ ಮುಂದಿನದರ 100 ಪದ ಬರೆದೇ ಏಳುತ್ತಿದ್ದರಂತೆ. ಡೆಡ್‌ಲೈನ್‌ಗೆ ವರದಿ ಬರೆದು ಕೊಟ್ಟು ಪಳಗಿದ ಕೈ ಮೂಡ್ ಬರಲಿ ಎಂದು ಕಾಯುವುದಿಲ್ಲ. ನಿಮ್ಮ ಯಜಮಾನರದೂ ಅಂಥದೇ ಕೈ. ಕೌನ್ಸಿಲ್ ಸಭೆಯಲ್ಲಿ ಚರಂಡಿಗಾಗಿ ಜಗಳವಾಡುವವರನ್ನು ವರ್ಷಗಟ್ಟಲೆ ನೋಡಿದವರು ಕಲ್ಪನೆಯ ಊರಿಗೂ ನಿಜವಾದ ಜನರನ್ನು ತುಂಬಬಲ್ಲರು.

ಇನ್ನು ನಿಮ್ಮ ಅಣ್ಣ. ಈ ಮನೆಯ ನೆಮ್ಮದಿ ಕೆಡಿಸಿದ್ದರಲ್ಲಿ ದೊಡ್ಡ ಪಾಲು ಅವರದೇ. ಭಾವ ಬರೆದ ಒಂದು ಪುಟ ಓದದವರಿಗೆ ಅದನ್ನು ಹಂಗಿಸುವ ಹಕ್ಕು ಎಲ್ಲಿಂದ ಬಂತು? ತವರಿನವರು ವಾರವಾರ ಆಡಿದ ಮಾತನ್ನು ನೀವು ಗಂಡನ ಕಿವಿಗೆ ಹಾಕುತ್ತಿದ್ದೀರಿ. ನಿಲ್ಲಿಸಿ. ‘ಅಣ್ಣಾ, ಆ ವಿಷಯ ಬಿಟ್ಟು ಬೇರೆ ಮಾತಾಡು’ ಎಂದರೆ ಸಂಬಂಧವೇನೂ ಹರಿಯುವುದಿಲ್ಲ.

ನೀವು ಮಾಡಬೇಕಾದದ್ದು ಒಂದೇ. ಈ ಶನಿವಾರ ಸೂಟ್‌ಕೇಸುಗಳನ್ನು ಗ್ಯಾರೇಜಿಗೆ ಸಾಗಿಸಿ, ಮೇಜನ್ನು ಒಳಗೆ ತರಿಸಿ. ಮಗಳು ಮಲಗಿದ ಮೇಲೆ ಒಂಬತ್ತರಿಂದ ಹತ್ತು ಅವರ ಹೊತ್ತು. ಪಾತ್ರೆ, ಫೋನು, ಬಿಲ್ಲು ಯಾವುದಕ್ಕೂ ಆಗ ಕರೆಯಬೇಡಿ. ಕಾದಂಬರಿಯ ಮೊದಲ ಕರಡು ಮುಗಿಯುವವರೆಗೆ ರಾಜೀನಾಮೆಯ ಮಾತು ಎತ್ತುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಳ್ಳಿ.