ಮಳೆ ಅಷ್ಟೇ ಬಂದರೂ ಲೆಕ್ಕ ಬೇರೆ

ವರ್ಷದ ಮಳೆ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ತೀರ್ಥಹಳ್ಳಿ ಕಡೆಯ ನಾವು ಭೂಮಿ ಬಿಸಿಯಾಗುವುದಕ್ಕೆ ಯಾಕೆ ಹೆದರಬೇಕು ಅಂತ ಕೇಳಿದ್ದೀರಿ. ಒಟ್ಟು ಮಳೆ ಎಷ್ಟು ಅನ್ನೋದಕ್ಕಿಂತ ಅದು ಹೇಗೆ ಸುರಿಯುತ್ತದೆ ಅನ್ನೋದು ಮುಖ್ಯ ಅಲ್ವಾ? ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ, ನಡುವೆ ಒಣ ದಿನಗಳೂ ಉದ್ದವಾಗುತ್ತವೆ. ದಿನಗಟ್ಟಲೆ ಹಿಡಿಯುವ ಜಡಿಮಳೆ ನೆಲಕ್ಕೆ ಇಂಗುತ್ತದೆ. ಒಂದೇ ರಾತ್ರಿ ಹೊಯ್ದದ್ದು ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ, ಮಾರ್ಚ್ ಹೊತ್ತಿಗೆ ಬಾವಿ ತಳ ಕಾಣುತ್ತದೆ.

ಅಡಿಕೆಗಂತೂ ಇದು ದೊಡ್ಡ ಪೆಟ್ಟು. ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯಲು ಮಳೆ ಸ್ವಲ್ಪ ಹೊಳವಾಗಬೇಕು. ಆ ಬಿಡುವೇ ಸಿಗದಿದ್ದರೆ ಕೊಳೆ ರೋಗ ಗೊನೆ ಗೊನೆಯನ್ನೇ ಉದುರಿಸುತ್ತದೆ. 2023ರಲ್ಲಿ ರಾಜ್ಯಕ್ಕೆ ಬರ, 2024ರಲ್ಲಿ ವಿಪರೀತ ಮಳೆ, ಎರಡನ್ನೂ ನೋಡಿದ್ದೇವೆ. 2024 ಇಡೀ ಭೂಮಿಗೇ ದಾಖಲೆಯ ಬಿಸಿ ವರ್ಷ.

ತೋಟಕ್ಕೆ ಸೊಪ್ಪು ತರುವ ಕಾಡು ಗುಡ್ಡವನ್ನು, ಅಂದರೆ ಸೊಪ್ಪಿನ ಬೆಟ್ಟವನ್ನು, ದಯವಿಟ್ಟು ಬೋಳು ಮಾಡಬೇಡಿ, ತೋಟದ ಮೇಲ್ಭಾಗದಲ್ಲಿ ಇಂಗುಗುಂಡಿ ತೆಗೆಸಿ. ಇದು ನಮ್ಮ ನೀರನ್ನು ಉಳಿಸುತ್ತದೆ, ಆದರೆ ಬಿಸಿ ಏರುವುದು ನಿಲ್ಲಬೇಕಾದರೆ ಕಲ್ಲಿದ್ದಲು, ಪೆಟ್ರೋಲ್ ಸುಡುವುದು ಇಳಿಯಲೇಬೇಕು. ಮತ ಕೇಳಲು ಬಂದವರನ್ನು ರಸ್ತೆ ಜೊತೆಗೆ ಇದನ್ನೂ ಕೇಳಿ. ನಾನು ಕೇಳುತ್ತೇನೆ.