‘ಒಂದಕ್ಷರ ತಾನೇ’ ಅನ್ನಬೇಡಿ

ಓದುಗರ ಪತ್ರ: ಅಮೆರಿಕದ ‘ಜೆಪರ್ಡಿ’ ಕ್ವಿಜ್‌ನ 2018ರ ಒಂದು ಕಂತಿನ ಬಗ್ಗೆ ನಮ್ಮ ಗೆಳೆಯರಲ್ಲಿ ಎರಡು ವಾರದಿಂದ ಜಗಳ. ರ‍್ಯಾಪ್ ಗಾಯಕ ಕೂಲಿಯೋನ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ಹಾಡಿನ ಹೆಸರಿಗೆ ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಹೆಸರನ್ನು ಬೆಸೆದು ಹೇಳಬೇಕಿತ್ತು. ಸರಿಯುತ್ತರ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್ ಲಾಸ್ಟ್’. ಸ್ಪರ್ಧಿ ‘ಗ್ಯಾಂಗ್‌ಸ್ಟರ್ಸ್’ ಅಂದ. ಮೊದಲು ಸರಿ ಅಂದವರು ಆಮೇಲೆ ತಪ್ಪು ಅಂತ 3,200 ಡಾಲರ್ ಕಿತ್ತುಕೊಂಡರು. ಅರ್ಥ ಒಂದೇ, ಒಂದಕ್ಷರ ತಾನೇ? ಇದು ಅನ್ಯಾಯ ಅಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಕರಡು ತಿದ್ದುತ್ತಲೇ ತಲೆಗೂದಲು ನರೆತವನಿಗೆ ‘ಒಂದಕ್ಷರ ತಾನೇ’ ಅಂತ ಬರೆದಿದ್ದೀರಲ್ಲ, ನಿಮ್ಮ ಧೈರ್ಯ ಮೆಚ್ಚಿದೆ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಅನ್ನಲಾರೆ. ಆತನಿಗೆ ಹಾಡು ಗೊತ್ತಿತ್ತು, ಕಾವ್ಯ ಗೊತ್ತಿತ್ತು, ಎರಡನ್ನೂ ಕಣ್ಣು ಮಿಟುಕಿಸುವುದರೊಳಗೆ ಬೆಸೆದ. ಅಂಥವನ ಅಂಕ ಕಳೆದಾಗ ಅಯ್ಯೋ ಪಾಪ ಅನಿಸುತ್ತದೆ. ನನಗೂ ಅನಿಸಿತು. ಅಷ್ಟೇ, ಇನ್ನು ಮುಂದೆ ನಾನು ತೀರ್ಪುಗಾರರ ಕಡೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಕಿತ್ತುಕೊಂಡರು ಅಂತ ಬರೆದಿದ್ದೀರಿ. ಆ ಪ್ರಶ್ನೆಯ ಬೆಲೆ 1,600 ಡಾಲರ್. ತಪ್ಪಿ ಕೊಟ್ಟಿದ್ದ 1,600 ವಾಪಸ್ ಹೋಯಿತು. ಈ ಆಟದಲ್ಲಿ ತಪ್ಪು ಹೇಳಿದರೆ ಅಷ್ಟೇ ಮೊತ್ತ ಕಳೆಯುತ್ತಾರೆ, ಅದು ಇನ್ನೊಂದು 1,600. ಎಲ್ಲ ಸ್ಪರ್ಧಿಗಳಿಗೂ ದಿನವೂ ನಡೆಯುವ ಲೆಕ್ಕವೇ ಇದು. ಇನ್ನು ‘ಅರ್ಥ ಒಂದೇ’ ಅನ್ನುವ ಮಾತು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎರಡೂ ಪದಕ್ಕೆ ಬೇರೆ ಬೇರೆ ನಮೂದಿದೆ. ಅದೂ ಹೋಗಲಿ. ಕೇಳಿದ್ದು ಹಾಡಿನ ಹೆಸರನ್ನು, ಅದರ ಅರ್ಥವನ್ನಲ್ಲ. ನಿಮ್ಮ ಹೆಸರು ರಾಮಚಂದ್ರ ಅಂತಿಟ್ಟುಕೊಳ್ಳಿ, ನಾನು ರಾಮಶಶಿ ಅಂತ ಕೂಗಿದರೆ ತಿರುಗಿ ನೋಡುತ್ತೀರಾ? ಚಂದ್ರನೂ ಶಶಿಯೂ ಒಂದೇ ಅಲ್ವಾ?

ಒಂದಕ್ಷರದ ಬೆಲೆ ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಲೇಖಕರೊಬ್ಬರು ತಮ್ಮ ಮೇಷ್ಟರ ಬಗ್ಗೆ ಬರೆದಿದ್ದರು. ಕೊನೆಯ ಸಾಲು, ‘ಅವರು ಮಾಡಿದ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ.’ ಅಚ್ಚಾಗಿ ಬಂದದ್ದು ‘ಅಪಕಾರ’. ಕರಡು ನೋಡಿದವನು ನಾನೇ. ವಾರದ ನಂತರ ಮೇಷ್ಟರಿಂದ ಒಂದು ಕಾರ್ಡು ಬಂತು. ದುಂಡಗಿನ ಅಕ್ಷರ, ಒಂದೇ ಸಾಲು: ‘ನನ್ನಿಂದಾದ ಅಪಕಾರ ಯಾವುದೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.’ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಓದಿದವರಿಗೆಲ್ಲ ಅರ್ಥ ಆಗಿರುತ್ತೆ ಬಿಡಿ ಸಾರ್’ ಅಂತ ಆವತ್ತು ನನ್ನನ್ನು ಸಮಾಧಾನ ಮಾಡಲು ಬಂದವರೂ ಇದ್ದರು. ಆ ಕಾರ್ಡು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಆ ತೀರ್ಪುಗಾರರು ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಅದಕ್ಕೊಂದು ಹಿನ್ನೆಲೆ ಇದೆ, ಅದು ಗೊತ್ತಿಲ್ಲದೆ ಜಗಳ ಮಾಡಬೇಡಿ. 1956ರಲ್ಲಿ ‘ಟ್ವೆಂಟಿ ಒನ್’ ಅನ್ನುವ ಕ್ವಿಜ್‌ನಲ್ಲಿ ಹರ್ಬ್ ಸ್ಟೆಂಪಲ್ ಎಂಬಾತ ಗೆಲ್ಲುತ್ತಾ ಹೋಗುತ್ತಿದ್ದ. ನಿರ್ಮಾಪಕರಿಗೆ ಅವನು ಸಾಕಾಗಿದ್ದ. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ನೋಡಲು ಚೆಂದದ ಮೇಷ್ಟರು ಗೆಲ್ಲಬೇಕಿತ್ತು. 1955ರ ಶ್ರೇಷ್ಠ ಚಿತ್ರದ ಆಸ್ಕರ್ ಯಾವುದಕ್ಕೆ ಬಂತು ಅಂತ ಪ್ರಶ್ನೆ. ‘ಮಾರ್ಟಿ’. ಸ್ಟೆಂಪಲ್‌ಗೆ ಗೊತ್ತಿತ್ತು, ಆ ಚಿತ್ರ ಅವನಿಗೆ ಅಚ್ಚುಮೆಚ್ಚು ಬೇರೆ. ಆದರೆ ತಪ್ಪು ಹೇಳು ಅಂತ ಮೊದಲೇ ಹೇಳಿಕೊಟ್ಟಿದ್ದರು, ಹೇಳಿದ. ಗಾಜಿನ ಗೂಡಿನಲ್ಲಿ ನಿಂತು ಗೊತ್ತಿರುವ ಉತ್ತರವನ್ನು ನುಂಗಿಕೊಂಡ ಆ ಮನುಷ್ಯನನ್ನು ಊಹಿಸಿಕೊಳ್ಳಿ. 1959ರಲ್ಲಿ ವ್ಯಾನ್ ಡೋರೆನ್, ತನಗೆ ಉತ್ತರ ಮೊದಲೇ ಕೊಟ್ಟಿದ್ದರು ಅಂತ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಎಲ್ಲ ಒಪ್ಪಿಕೊಂಡ. 1960ರಲ್ಲಿ ಕ್ವಿಜ್ ಮೋಸ ತಡೆಯಲೆಂದೇ ಕಾನೂನು ತಂದರು.

ಜೆಪರ್ಡಿ ಹುಟ್ಟಿದ್ದೇ ಈ ಹಗರಣದ ಬೂದಿಯಿಂದ. ಟಿವಿ ನಿರ್ಮಾಪಕ ಮರ್ವ್ ಗ್ರಿಫಿನ್ ಹೊಸ ಕ್ವಿಜ್ ಮಾಡೋಣ ಅಂದರೆ ಯಾರೂ ನಂಬುವ ಕಾಲ ಅಲ್ಲ. ಹೆಂಡತಿ ಜೂಲ್ಯಾನ್ ಹೇಳಿದಳಂತೆ, ಉತ್ತರವನ್ನೇ ಕೊಟ್ಟುಬಿಡಿ, ಪ್ರಶ್ನೆ ಸ್ಪರ್ಧಿಗಳು ಹೇಳಲಿ. ಉದಾಹರಣೆಗೆ 5,280. ಗಂಡ ಅಂದ, ‘ಒಂದು ಮೈಲಿಗೆ ಎಷ್ಟು ಅಡಿ?’ ಹಿಂದಿನವರು ಗುಟ್ಟಾಗಿ ಉತ್ತರ ಕೊಟ್ಟು ಸಿಕ್ಕಿಬಿದ್ದಿದ್ದರು. ಇವರು ಊರಿಗೆಲ್ಲ ಕಾಣುವ ಹಾಗೆ ಕೊಟ್ಟುಬಿಟ್ಟರು! 1964ರಲ್ಲಿ ಆಟ ಶುರುವಾಯಿತು. ಒಬ್ಬನಿಗೆ ಸುಮ್ನೆ ಸಡಿಲ ಬಿಟ್ಟರೂ ಜನ ಏನಂದುಕೊಳ್ಳುತ್ತಾರೆ ಅನ್ನುವ ಭಯ ಆ ಮನೆಯ ಅಡಿಪಾಯದಲ್ಲೇ ಇದೆ. ಪಕ್ಕದಲ್ಲಿ ನಿಂತ ಇನ್ನಿಬ್ಬರು ಸ್ಪರ್ಧಿಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ಗಮನಿಸಿದಿರಾ? ನಿಮ್ಮ ಕರುಣೆಯ 3,200 ಡಾಲರಿನ ಅಂತರ ಅವರ ತಲೆಯ ಮೇಲೆ ಬೀಳುತ್ತಿತ್ತು.

ಒಂದು ಕಡೆ ನಿಮಗೆ ಅರ್ಧ ಅಂಕ ಕೊಡುತ್ತೇನೆ. 2013ರ ಮಕ್ಕಳ ಕಂತಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಕೊನೆಯ ಸುತ್ತಿನಲ್ಲಿ ‘ಇಮ್ಯಾನ್ಸಿಪೇಷನ್’ ಪದದ ನಡುವೆ ಒಂದು ‘ಟಿ’ ಹೆಚ್ಚಾಗಿ ಬರೆದ. ತಪ್ಪು ಅಂದರು. ಬರೆಯುವ ಸುತ್ತಿನಲ್ಲಿ ಕಾಗುಣಿತ ಕೆಟ್ಟರೂ ಪರವಾಗಿಲ್ಲ, ಓದಿದಾಗ ಪದದ ಸದ್ದು ಬದಲಾಗಬಾರದು ಅನ್ನುವುದು ನಿಯಮ. ಆ ‘ಟಿ’ ಸದ್ದನ್ನು ಬದಲಿಸಿತು. ಒಪ್ಪಿದ್ದರೂ ಅವನಿಗೆ ಎರಡನೇ ಸ್ಥಾನವೇ ಸಿಗುತ್ತಿತ್ತು. ಆದರೂ ಆ ಮುಖ ನೆನೆದರೆ ನನಗೂ ಕಷ್ಟವಾಗುತ್ತದೆ.

ನಿಮ್ಮ ಗೆಳೆಯರು ಕೆನ್ ಜೆನ್ನಿಂಗ್ಸ್ ಕಥೆ ತೆಗೆಯುವುದು ಖಂಡಿತ, ಅದನ್ನು ನಾನೇ ಹೇಳಿಬಿಡುತ್ತೇನೆ. 2004ರಲ್ಲಿ ತನ್ನ ಮೊದಲ ಪಂದ್ಯದ ಕೊನೆಯ ಪ್ರಶ್ನೆಗೆ ಆತ ಬರೆದದ್ದು ಬರೀ ‘ಜೋನ್ಸ್’. ಓಟಗಾರ್ತಿ ಮರಿಯನ್ ಜೋನ್ಸ್ ಅಂತ ಪೂರ್ತಿ ಬರೆಯಲಿಲ್ಲ. ತೀರ್ಪುಗಾರರು ಒಪ್ಪಿದರು. ಒಪ್ಪದಿದ್ದರೆ ಆವತ್ತೇ ಮನೆಗೆ ಹೋಗುತ್ತಿದ್ದ, ಸತತ 74 ಗೆಲುವಿನ ದಾಖಲೆ ಇರುತ್ತಿರಲಿಲ್ಲ. ‘ನೋಡಿ, ಅವನಿಗೆ ಮಾತ್ರ ಸಡಿಲ’ ಅನ್ನುತ್ತೀರಿ. ಅಲ್ಲ. ಗೊಂದಲ ಆಗದಿದ್ದರೆ ಮನೆತನದ ಹೆಸರೊಂದೇ ಸಾಕು ಅನ್ನುವುದೂ ಅಲ್ಲಿಯ ನಿಯಮವೇ. ಅವನು ಕಡಿಮೆ ಹೇಳಿದ, ನಿಮ್ಮವನು ಬೇರೆ ಹೇಳಿದ. ನಿಯಮ ಬದಲಾಗಬಾರದು ಅಂತಲೂ ನಾನು ಹೇಳುತ್ತಿಲ್ಲ. ಐದು ದಿನ ಗೆದ್ದವನು ಹೊರಗೆ ಹೋಗಬೇಕು ಅನ್ನುವ ನಿಯಮವನ್ನು 2003ರಲ್ಲಿ ತೆಗೆದರು, ಅದರಿಂದಲೇ ಜೆನ್ನಿಂಗ್ಸ್‌ಗೆ ಅಷ್ಟು ದಿನ ನಿಲ್ಲಲು ಆಯಿತು. ಆದರೆ ತೆಗೆದದ್ದು ಹೊಸ ಸರಣಿಯ ಹೊತ್ತಿಗೆ. ಆಟದ ನಡುವೆ, ಒಬ್ಬನ ಮುಖ ನೋಡಿ ತೆಗೆಯಲಿಲ್ಲ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಜೆಪರ್ಡಿಯ ಅರ್ಧ ಗಂಟೆಯಲ್ಲಿ 61 ಸುಳಿವು ಇರುತ್ತವೆ, ಜಾಹೀರಾತಿನ ಹೊತ್ತೂ ಅದರಲ್ಲೇ. ಈಗಿನ ಎಷ್ಟೋ ಕ್ವಿಜ್‌ಗಳಲ್ಲಿ ಅಷ್ಟು ಹೊತ್ತಿಗೆ ನಾಲ್ಕು ಪ್ರಶ್ನೆ ಮುಗಿದರೆ ಪುಣ್ಯ. ಒಂದು ಪ್ರಶ್ನೆ, ಎದೆ ಬಡಿತದ ಸಂಗೀತ, ‘ಖಚಿತವಾಗಿ ಹೇಳ್ತೀರಾ?’, ಬಾಲ್ಯದ ಕಷ್ಟ, ಪ್ರೇಕ್ಷಕರ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ, ಅಷ್ಟರಲ್ಲಿ ಜಾಹೀರಾತು. ಉತ್ತರ ಆಮೇಲೆ. ಇದನ್ನೇ ನೋಡಿ ನೋಡಿ ಉತ್ತರಕ್ಕಿಂತ ಉತ್ತರಿಸುವವನ ಪಾಡು ದೊಡ್ಡದು ಅಂತ ನಮಗೆ ಅಭ್ಯಾಸವಾಗಿದೆ. ಬರೆಯುವವರಿಗೂ ಅದೇ ಚಾಳಿ ಹತ್ತಿದೆ. ಮೊನ್ನೆ ಒಬ್ಬ ಹುಡುಗ ಲೇಖನ ಕಳಿಸಿದ್ದ, ತಿದ್ದಲು ಹೋದರೆ ‘ಭಾವ ಮುಖ್ಯ ಸಾರ್’ ಅಂದ. ಅದನ್ನು ‘ಬಾವ’ ಅಂತ ಬರೆದಿದ್ದ. ಯಾರ ಬಾವ ಮಾರಾಯ ಅಂತ ಕೇಳಿದೆ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ‘ಸ್ಪರ್ಧಿ’ ಅನ್ನುವ ಪದ ಏಳು ಸಲ ಬಂದಿತ್ತು, ಏಳು ಸಲವೂ ‘ಸ್ಪರ್ದಿ’. ಮೇಲೆ ಚಿಕ್ಕದು ಮಾಡಿ ಹಾಕುವಾಗ ಉಳಿದ ಒಂದನ್ನು ತಿದ್ದಿದ್ದೇನೆ. ಉಳಿದ ಆರಕ್ಕೆ ತಲಾ 1,600ರಂತೆ ಎಷ್ಟಾಯಿತು ಅಂತ ನಿಮ್ಮ ಗೆಳೆಯರನ್ನೇ ಕೇಳಿ.